ಒಂದೇ ಕ್ಯಾಸೆಟ್ಟಿನಲ್ಲಿ ನಿಮ್ಮ ಬದುಕು: ಎ ಬದಿಗೆ ಯಾವ ಹಾಡು, ಬಿ ಬದಿಗೆ ಯಾವುದು?

ಕೆರೆದಂಡೆ

ನಿಮ್ಮ ಬದುಕನ್ನು ಯಾರೋ ಸಿನಿಮಾ ಮಾಡಲು ಹೊರಟಿದ್ದಾರೆ ಎಂದುಕೊಳ್ಳಿ. ನಟರು ಯಾರು, ಕಥೆಗೆ ಎಷ್ಟು ಬಣ್ಣ ಬಳಿಯುತ್ತಾರೆ ಎನ್ನುವುದೆಲ್ಲ ಅವರಿಗೆ ಬಿಟ್ಟದ್ದು. ಹಾಡುಗಳನ್ನು ಮಾತ್ರ ನೀವು ಆರಿಸಬೇಕು. ಮಿತಿ ಒಂದು ಸಿ-60 ಕ್ಯಾಸೆಟ್, ಅಂದರೆ ಬದಿಗೆ ಅರ್ಧ ಗಂಟೆ.

ನಿಯಮ ಒಂದೇ. ಇಷ್ಟವಾದ ಹಾಡುಗಳ ಪಟ್ಟಿ ಕೊಡಬೇಡಿ. ಆ ಹೊತ್ತಿಗೆ ನಿಜವಾಗಿ ಕಿವಿಗೆ ಬೀಳುತ್ತಿದ್ದ ಹಾಡನ್ನು ಹೇಳಿ. ಅದು ಪಕ್ಕದ ಮನೆಯ ರೇಡಿಯೊದಿಂದ ಬಂದಿರಬಹುದು, ಗಣೇಶನ ಪೆಂಡಾಲಿನಿಂದ ಬಂದಿರಬಹುದು, ನಿಮಗೆ ಹಿಡಿಸದೆಯೂ ಇದ್ದಿರಬಹುದು. ಬಿಬಿಸಿ ರೇಡಿಯೊದಲ್ಲಿ 1942ರಲ್ಲಿ ಆರಂಭವಾದ ಒಂದು ಕಾರ್ಯಕ್ರಮವಿದೆ. ನಿರ್ಜನ ದ್ವೀಪಕ್ಕೆ ಹೋಗಬೇಕಾದರೆ ಯಾವ ಎಂಟು ಧ್ವನಿಮುದ್ರಿಕೆಗಳನ್ನು ಒಯ್ಯುವಿರಿ ಎಂದು ಅತಿಥಿಯನ್ನು ಕೇಳುತ್ತಾರೆ. ನಮ್ಮ ವಿವಿಧ ಭಾರತಿಯಲ್ಲಿಯೂ ಸೈನಿಕರಿಗಾಗಿ ಬರುವ ‘ಜಯಮಾಲಾ’ದಲ್ಲಿ ಕಲಾವಿದರು ತಮ್ಮ ಆಯ್ಕೆಯ ಹಾಡುಗಳನ್ನು ಕೇಳಿಸುತ್ತಿದ್ದರು. ಎರಡೂ ಕಡೆ ಅತಿಥಿಗಳು ಸ್ವಲ್ಪ ಸಿಂಗರಿಸಿಕೊಂಡೇ ಬರುತ್ತಾರೆ ಎಂಬುದು ನನ್ನ ಗುಮಾನಿ. ಇಲ್ಲಿಗೆ ಮನೆಯಲ್ಲಿ ಉಡುವ ಬಟ್ಟೆಯಲ್ಲಿಯೇ ಬನ್ನಿ.

ನನ್ನ ಎ ಬದಿ ಆಕಾಶವಾಣಿಯ ಆರಂಭದ ಸಂಗೀತದಿಂದ ಶುರುವಾಗುತ್ತದೆ. ಅದು ಹಾಡೇ ಅಲ್ಲ ಎಂಬ ತಕರಾರು ಬೇಡ. ಯುರೋಪಿನಿಂದ ಮುಂಬೈಗೆ ವಲಸೆ ಬಂದಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಸ್ವಾತಂತ್ರ್ಯಕ್ಕೂ ಮೊದಲು ಕಟ್ಟಿದ ಆ ನಾದ ಶಿವಮೊಗ್ಗದ ನಮ್ಮ ಅಡುಗೆಮನೆಯಲ್ಲಿ ಅಲಾರಂ ಆಗಿತ್ತು. ಅದು ಮುಗಿಯುವುದರೊಳಗೆ ಎದ್ದು ಹಾಸಿಗೆ ಸುತ್ತಿಡಬೇಕಿತ್ತು. ಎರಡನೆಯದು ‘ದೋಣಿ ಸಾಗಲಿ ಮುಂದೆ ಹೋಗಲಿ’. ಕುವೆಂಪು ಅವರ ಕವಿತೆ, 1965ರ ‘ಮಿಸ್ ಲೀಲಾವತಿ’ ಚಿತ್ರದಲ್ಲಿ ಹಾಡಾಗಿ ಬಂತು ಎಂಬುದೆಲ್ಲ ದೊಡ್ಡವಳಾದ ಮೇಲೆ ತಿಳಿದದ್ದು. ನನ್ನ ಮಟ್ಟಿಗೆ ಅದು ಶನಿವಾರ ಬೆಳಿಗ್ಗೆ ಇಡೀ ತರಗತಿ ತಲೆಗೊಂದು ಶ್ರುತಿಯಲ್ಲಿ ಕೂಗುತ್ತಿದ್ದ ಪದ್ಯ. ಕ್ಯಾಸೆಟ್ಟಿಗೂ ಆ ಕೂಗೇ ಬೇಕು, ಚಿತ್ರದ ಹಾಡು ಬೇಡ.

ಮೂರನೆಯದು ‘ಜೋಗದ ಸಿರಿ ಬೆಳಕಿನಲ್ಲಿ’. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ನಮ್ಮ ಬೀದಿಯಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಒಂದೇ ಮನೆಯಲ್ಲಿ. ಅವರು ಕಿಟಕಿ ತೆರೆದಿಟ್ಟ ದಿನ ನಮಗೆ ಸಂಗೀತ. ಜೋಗವೂ ತುಂಗೆಯೂ ಒಂದೇ ಪಲ್ಲವಿಯಲ್ಲಿ ಬರುವುದರಿಂದ ಅದು ನಮ್ಮ ಜಿಲ್ಲೆಗಾಗಿಯೇ ಬರೆದದ್ದು ಎಂದು ನಾವು ಮಕ್ಕಳು ಜಗಳವಾಡುತ್ತಿದ್ದೆವು.

ಬಿ ಬದಿಯನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮದು ಬರಲಿ.

ಟೇಪುಮಾವ

ದಾವಣಗೆರೆಯಲ್ಲಿ ಹಲವು ವರ್ಷ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು ನಾನು. ಈ ಆಟವನ್ನು ದಿನವೂ ಕೌಂಟರಿನ ಆಚೆ ನಿಂತು ಜನ ಆಡುತ್ತಿದ್ದರು ತಾಯಿ. ಖಾಲಿ ಕ್ಯಾಸೆಟ್ ಕೊಂಡು, ಪಟ್ಟಿ ಬರೆದ ಚೀಟಿ ಕೊಟ್ಟು ಹೋದರೆ ನಾಲ್ಕು ದಿನದಲ್ಲಿ ಹಾಡು ತುಂಬಿಸಿ ಕೊಡುತ್ತಿದ್ದೆವು. ಕಾನೂನಿನ ಮಾತು ಎತ್ತಬೇಡಿ. ಆ ಕಾಲದಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕೆಲವು ವಿಷಯ ತಿಳಿಸುತ್ತೇನೆ, ಪಟ್ಟಿ ಮಾಡುವವರಿಗೆ ಅನುಕೂಲವಾದೀತು. ಸಿನಿಮಾ ಹಾಡು ಸರಾಸರಿ ನಾಲ್ಕೂವರೆ ನಿಮಿಷ ಎಂದು ಹಿಡಿಯಿರಿ. ಬದಿಗೆ ಆರು ಸಲೀಸಾಗಿ ಕೂರುತ್ತವೆ, ಏಳನೆಯದಕ್ಕೆ ಆಸೆಪಟ್ಟರೆ ಕೊನೆಯ ಚರಣದಲ್ಲಿ ಟೇಪು ಮುಗಿಯುತ್ತದೆ. ಸಿ-90 ಕೊಂಡರೆ ಬದಿಗೆ ಮುಕ್ಕಾಲು ಗಂಟೆ ಸಿಗುತ್ತದೆ, ಆದರೆ ಅದರ ಟೇಪು ತೆಳು. ಸಿ-120 ಇನ್ನೂ ತೆಳು. ಸಂತೆ ಬೀದಿಯ ಅಗ್ಗದ ಪ್ಲೇಯರುಗಳಲ್ಲಿ ಹಾಕಿದರೆ ಒಳಗಿನ ರೋಲರಿಗೆ ಸುತ್ತಿಕೊಂಡು ಕರುಳು ಹೊರಗೆ ಬರುತ್ತಿತ್ತು. ಕೆರೆದಂಡೆ ಅವರು ಸಿ-60 ಎಂದದ್ದು ತಿಳಿದವರ ಮಾತು.

ಗಿರಾಕಿಗಳ ಚೀಟಿಗಳಲ್ಲಿ ಒಂದು ಕ್ರಮ ಇರುತ್ತಿತ್ತು. ಎ ಬದಿಯ ಮೊದಲ ಹಾಡು ದೇವರದು, ಹೆಚ್ಚಾಗಿ ಎಸ್. ಜಾನಕಿ ಅವರ ‘ಗಜಮುಖನೆ ಗಣಪತಿಯೆ’. ನಂತರ ರಾಜ್‌ಕುಮಾರ್ ಚಿತ್ರದ ಎರಡೋ ಮೂರೋ. ಆಮೇಲೆ, ಎ ಬದಿಯ ಕೊನೆಗೆ ಅಥವಾ ಬಿ ಬದಿಯ ನಡುವೆ, ಚೀಟಿಯಲ್ಲಿ ಅಕ್ಷರ ಸಣ್ಣದಾಗುತ್ತಿತ್ತು. ಆ ಹಾಡೇ ಅವರಿಗೆ ಬೇಕಾದದ್ದು. ಉಳಿದದ್ದೆಲ್ಲ ಅದಕ್ಕೆ ಮರೆ. ಹುಡುಗರು ಅದೇ ಹಾಡನ್ನು ಎರಡು ಸಲ ತುಂಬಿಸಿ ಎನ್ನುತ್ತಿದ್ದರು. ಏಕೆ ಎಂದು ನಾನು ಕೇಳುತ್ತಿರಲಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿದು ಕೊಡಿ ಎಂದು ಮರೆಯದೆ ಹೇಳುವವರೂ ಅವರೇ. ಅದನ್ನು ಮುರಿದರೆ ಅದರ ಮೇಲೆ ಬೇರೆ ಹಾಡು ತುಂಬಿಸಲು ಆಗುವುದಿಲ್ಲ.

ಲೆಕ್ಕಪತ್ರ

ನನಗೆ ಸ್ವರಜ್ಞಾನವಿಲ್ಲ. ರಾಷ್ಟ್ರಗೀತೆಯನ್ನು ಗುರುತಿಸುವುದು ಜನ ಎದ್ದು ನಿಲ್ಲುವುದರಿಂದ. ಆದರೂ ನಿಯಮದ ಪ್ರಕಾರ ಪಟ್ಟಿ ಕೊಡುತ್ತೇನೆ.

ಖಜಾನೆ ಇಲಾಖೆಯ ಕಚೇರಿಯಲ್ಲಿ ಸಾಲಾಗಿ ಕೂತಿದ್ದ ಟೈಪ್‌ರೈಟರುಗಳು, ಸಾಲು ಮುಗಿದಾಗ ಬಡಿಯುವ ಗಂಟೆ ಸಮೇತ. 1983ರ ವಿಶ್ವಕಪ್ ಫೈನಲ್ಲಿನ ರೇಡಿಯೊ ವೀಕ್ಷಕ ವಿವರಣೆ. ನಮ್ಮ ಸೋದರಮಾವ ಮದ್ಯ ಮುಟ್ಟದವರು, ಆದರೆ ನೆಂಟರ ಮನೆಯಲ್ಲಿ ಊಟವಾದ ಮೇಲೆ ಎದ್ದು ನಿಂತು ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನ ಪದ್ಯಗಳನ್ನು ತೂರಾಡುತ್ತ ಹಾಡುತ್ತಿದ್ದರು. ಹೊಸದಾಗಿ ಬಂದ ಸೊಸೆಯರು ನಿಜವೆಂದೇ ನಂಬುತ್ತಿದ್ದರು. ಅದು ಬೇಕು. ಶುಕ್ರವಾರ ಸಂಜೆ ನನ್ನ ಹೆಂಡತಿ ಹಾಕುತ್ತಿದ್ದ, ಭೀಮಸೇನ ಜೋಶಿಯವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಸಂಬಳ ಏಕೆ ಸಾಲದು ಎಂದು ನಾನು ಲೆಕ್ಕ ಹಾಕುತ್ತ ಕೂರುತ್ತಿದ್ದ ಹೊತ್ತಿಗೇ ಅದು ಬರುತ್ತಿತ್ತು. ಹಾಡಿನ ವಿರುದ್ಧ ನನ್ನ ದೂರೇನೂ ಇಲ್ಲ.

ಒಟ್ಟು ಹನ್ನೆರಡು ನಿಮಿಷ ಆದೀತು. ಉಳಿದ ಜಾಗವನ್ನು ಯಾರಾದರೂ ಬಳಸಿಕೊಳ್ಳಬಹುದು.

ಮೂರನೇ ಮಹಡಿ

ಕೆರೆದಂಡೆ ಮೇಡಂ, ನಿಮ್ಮ ನಿಯಮ ನಿಮ್ಮ ಕಾಲದವರಿಗೆ ಅನುಕೂಲವಾಗಿದೆ. ಆಗ ಹಾಡು ಗಾಳಿಯಲ್ಲಿತ್ತು. ಬೀದಿಗೊಂದು ರೇಡಿಯೊ, ಎಲ್ಲರಿಗೂ ಅದೇ ಹಾಡು. ನಾನು ಪಿಯುಸಿಯಿಂದಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಳೆದವಳು. ನನ್ನ ಕಿವಿಗೆ ಬಿದ್ದದ್ದೆಲ್ಲ ನಾನೇ ಹಾಕಿಕೊಂಡದ್ದು. ಹಾಗಾದರೆ ನನ್ನ ಬದುಕಿಗೆ ಹಿನ್ನೆಲೆ ಸಂಗೀತವೇ ಇಲ್ಲವೇ?

ಇನ್ನೊಂದು. ಮನಸ್ಸಿನ ಶಾಸ್ತ್ರ ಓದಿದವರು ಹೇಳುವ ಮಾತಿದೆ: ಹದಿಹರೆಯದಿಂದ ಇಪ್ಪತ್ತೈದು, ಮೂವತ್ತರವರೆಗಿನ ನೆನಪುಗಳು ಉಳಿದ ವಯಸ್ಸಿನವುಗಳಿಗಿಂತ ದಟ್ಟವಾಗಿರುತ್ತವೆ, ಆಗ ಕೇಳಿದ ಹಾಡುಗಳೂ ಹಾಗೆಯೇ. ಆದ್ದರಿಂದ ‘ನಮ್ಮ ಕಾಲದ ಹಾಡುಗಳೇ ಚೆಂದ’ ಎನ್ನುವವರು ಹೊಗಳುತ್ತಿರುವುದು ಹಾಡನ್ನಲ್ಲ, ತಮ್ಮ ಇಪ್ಪತ್ತನೆಯ ವರ್ಷವನ್ನು.

ಕೆರೆದಂಡೆ

ಮೂರನೇ ಮಹಡಿ, ಒಂದೂ ಇಲ್ಲವೇ? ನೀನು ಹಾಕಿಕೊಳ್ಳದೆ, ಬೇರೆಯವರು ಹಾಕಿ, ತಪ್ಪಿಸಿಕೊಳ್ಳಲಾಗದೆ ಕೇಳಿದ ಹಾಡು?

ಮೂರನೇ ಮಹಡಿ

ಇದೆ. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ‘ಅನಿಸುತಿದೆ ಯಾಕೋ ಇಂದು’. ‘ಮುಂಗಾರು ಮಳೆ’ ಬಿಡುಗಡೆಯಾದದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಮುಂದಿನ ವರ್ಷವಿಡೀ ಶಾಲೆಯ ವ್ಯಾನಿನಲ್ಲಿ, ಔಷಧ ಅಂಗಡಿಯಲ್ಲಿ, ಎದುರು ಮನೆಯ ಅಣ್ಣನ ಮೊಬೈಲ್ ರಿಂಗಿನಲ್ಲಿ ಅದೇ. ಕಾಯ್ಕಿಣಿಯವರ ಸಾಲುಗಳ ಅರ್ಥ ಹೊಳೆಯುವ ವಯಸ್ಸೂ ಅಲ್ಲ ನನ್ನದು. ಸೋನು ನಿಗಮ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಈಗಲೂ ಬಾಯಿಪಾಠ.

ಇನ್ನೊಂದು ‘ಬೊಂಬೆ ಹೇಳುತೈತೆ’. 2017ರಲ್ಲಿ ‘ರಾಜಕುಮಾರ’ ಬಂದ ವರ್ಷ ಹಾಸ್ಟೆಲ್ ದಿನಾಚರಣೆಯಲ್ಲಿ ನಾವು ಕುಣಿದದ್ದು ಅದಕ್ಕೆ. 1971ರ ‘ಕಸ್ತೂರಿ ನಿವಾಸ’ದ ಬೊಂಬೆಯನ್ನು ಮಗನ ಚಿತ್ರದಲ್ಲಿ ಮತ್ತೆ ನೆನೆಯುವ ಹಾಡು ಎಂದು ಅಪ್ಪ ವಿವರಿಸಿದ್ದರು, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. 2021ರ ಅಕ್ಟೋಬರ್ 29ರ ನಂತರ ಬೆಂಗಳೂರಿನ ವೃತ್ತವೃತ್ತದಲ್ಲಿ ಪುನೀತ್ ಅವರ ಭಾವಚಿತ್ರ ಇಟ್ಟು ಅದನ್ನೇ ಹಾಕಿದ್ದರು. ಅದೇ ತಾಳ, ಅದೇ ಧ್ವನಿ. ಕುಣಿದದ್ದು ನೆನಪಾಗಿ ಏನೋ ತಪ್ಪು ಮಾಡಿದವಳ ಹಾಗೆ ಬೇಗಬೇಗ ನಡೆದೆ. ಈಗ ಹೇಳಿ, ಅದನ್ನು ಎ ಬದಿಗೆ ಹಾಕಲೋ, ಬಿ ಬದಿಗೋ?

ಟೇಪುಮಾವ

ಎರಡೂ ಬದಿಗೆ ಹಾಕಮ್ಮ. ಎರಡು ಸಲ ತುಂಬಿಸುವ ಪದ್ಧತಿ ಇತ್ತು ಎಂದೆನಲ್ಲ.

ಶಿಗ್ಗಾವಿ ಬಸ್ಸು

ಹಾಡು ಒಂದು, ಸಂದರ್ಭ ಇನ್ನೊಂದು ಎಂಬ ಮಾತು ಬಂದದ್ದರಿಂದ ಹೇಳುತ್ತೇನೆ. ಈಗ ಮದುವೆಯ ವಿಡಿಯೊ ಮಾಡುವವರು ಮಗಳನ್ನು ಕಳುಹಿಸುವ ದೃಶ್ಯಕ್ಕೆ ಕಣ್ಣುಮುಚ್ಚಿ ಹಾಕುವುದು ‘ಅಳಬ್ಯಾಡ ತಂಗಿ ಅಳಬ್ಯಾಡ’. ಕಾರಿನ ಬಾಗಿಲು ಮುಚ್ಚುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ, ತಾಯಿ ಸೆರಗು ಬಾಯಿಗೊತ್ತಿಕೊಳ್ಳುತ್ತಾಳೆ, ಹಿನ್ನೆಲೆಯಲ್ಲಿ ಷರೀಫರು. ನಾನು ಶಿಶುನಾಳಕ್ಕೆ ಹತ್ತಿರದ ಊರಿನವಳು. ನಮ್ಮ ಊರಿನ ಭಜನಾ ಮೇಳದವರು ಈ ಪದವನ್ನು ಹಾಡುವುದು ಹೆಣದ ಮುಂದೆ.

ಪದವನ್ನು ಗಮನವಿಟ್ಟು ಕೇಳಿ. ಕಳುಹಿಸಲು ಬಂದವರಿದ್ದಾರೆ, ಉಳಿಸಿಕೊಳ್ಳುವವರು ಇಲ್ಲ. ಉಡಿಯಕ್ಕಿ ಹಾಕಿ ಮುಂದಕ್ಕೆ ನೂಕುತ್ತಾರೆ. ತತ್ವಪದದಲ್ಲಿ ತವರೆಂದರೆ ಈ ಲೋಕ, ಗಂಡನ ಮನೆಯೆಂದರೆ ಇಲ್ಲಿಂದ ಹೋಗಿ ಸೇರುವ ಜಾಗ, ತಂಗಿಯೆಂದರೆ ಜೀವ. ಮದುವೆಯ ನೆಪದಲ್ಲಿ ಅವರು ಹೇಳಿದ್ದು ಸಾವನ್ನು. ವಿಡಿಯೊದವನಿಗೆ ಇದನ್ನು ಹೇಳಿದರೆ ‘ಅಕ್ಕ, ಎಲ್ಲರೂ ಇದನ್ನೇ ಕೇಳುತ್ತಾರೆ’ ಎನ್ನುತ್ತಾನೆ.

ಅದಕ್ಕೇ ಕೇಳುತ್ತೇನೆ: ಹಾಡಿನ ಅರ್ಥ ತಿಳಿಯದೆ ಅದನ್ನು ‘ನನ್ನ ಬದುಕಿನ ಹಾಡು’ ಎನ್ನುವುದು ಸರಿಯೇ?

ಮೂರನೇ ಮಹಡಿ

ಸರಿಯೇ ಎಂದರೆ? ಅರ್ಥ ತಿಳಿದವರಿಗೆ ಮಾತ್ರ ಹಾಡು ಎಂದಾದರೆ ಅರ್ಧ ಕರ್ನಾಟಕ ‘ನೀ ಹೀಂಗ ನೋಡಬ್ಯಾಡ ನನ್ನ’ ಕೇಳುವುದನ್ನು ನಿಲ್ಲಿಸಬೇಕು. ನನ್ನ ಗೆಳತಿಯರು ಅದನ್ನು ಪ್ರೇಮಗೀತೆ ಎಂದು ಸ್ಟೇಟಸ್ಸಿಗೆ ಹಾಕುತ್ತಾರೆ. ಬೇಂದ್ರೆಯವರು ಅದನ್ನು ಬರೆದದ್ದು ಮಗು ತೀರಿಕೊಂಡಾಗ, ಹೆಂಡತಿಯ ನೋಟವನ್ನು ಎದುರಿಸಲಾರದೆ. ನನಗೆ ಇದು ತಿಳಿದ ಮೇಲೆ ಹಾಡು ಹಿರಿದಾಯಿತು, ನಿಜ. ಆದರೆ ಗೆಳತಿಯ ಸ್ಟೇಟಸ್ಸಿಗೆ ಹೋಗಿ ಮಗುವಿನ ಸಾವನ್ನು ತಿಳಿಸುವ ಧೈರ್ಯ ನನಗಿಲ್ಲ.

ಶಿಗ್ಗಾವಿ ಬಸ್ಸು

ಧೈರ್ಯ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಅವಳಿಗೆ ನಷ್ಟವೇನೂ ಇಲ್ಲ.

ಕೆರೆದಂಡೆ

ಶಿಗ್ಗಾವಿ ಬಸ್ಸು ಅವರೇ, ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯ. ನನ್ನ ಮದುವೆ ಆದದ್ದು 1991ರಲ್ಲಿ. ಅದರ ಹಿಂದಿನ ವರ್ಷ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದಿತ್ತು, ಸಿ. ಅಶ್ವತ್ಥರು ರಾಗ ಹಾಕಿದ ಷರೀಫರ ಪದಗಳು ಮನೆಮನೆಯಲ್ಲಿದ್ದವು. ನನ್ನನ್ನು ಕಳುಹಿಸುವಾಗ ಈ ಪದವನ್ನು ಹಾಡಿದವರು ನಮ್ಮ ದೊಡ್ಡಮ್ಮ. ಟೇಪಿನಲ್ಲಿ ಹಾಕಿದ್ದಲ್ಲ, ಬಾಯಿಯಲ್ಲಿ ಹಾಡಿದ್ದು. ಅವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. ಹಾಡು ಮುಗಿಸಿ ನಮ್ಮ ಅಮ್ಮನಿಗೆ ಹೇಳಿದರು: ‘ಹೋದಳು ಎಂದುಕೋ. ಬಂದರೆ ನೆಂಟಳು.’

ಆ ಕಾಲದ ಹೆಂಗಸರು ಎರಡನ್ನೂ ಒಂದೇ ಪದದಲ್ಲಿ ಹಾಡಿದ್ದು ತಿಳಿಯದೆ ಅಲ್ಲ. ಮುತ್ತೈದೆ ತೀರಿಕೊಂಡರೂ ಉಡಿ ತುಂಬುತ್ತಾರೆ, ಮದುಮಗಳಿಗೂ ತುಂಬುತ್ತಾರೆ. ಅಕ್ಕಿ ಅದೇ. ಷರೀಫರು ಹೋಲಿಕೆಯನ್ನು ಆಕಾಶದಿಂದ ತಂದದ್ದಲ್ಲ. ಹೆಂಗಸರು ಬಾಳುತ್ತಿದ್ದುದನ್ನೇ ಎತ್ತಿಕೊಂಡರು. ಆದ್ದರಿಂದ ಮದುವೆಯಲ್ಲಿ ಹಾಡಿದರೆ ಪದ ದಾರಿ ತಪ್ಪುತ್ತದೆ ಎಂದು ನಾನು ಒಪ್ಪುವುದಿಲ್ಲ. ಬಂದ ಮನೆಗೇ ಮರಳಿದ ಹಾಗೆ. ವಿಡಿಯೊದವನ ನಿಧಾನಗತಿ ಮಾತ್ರ ನನಗೂ ಸಹಿಸುವುದಿಲ್ಲ.

ಇದೇ ನನ್ನ ಬಿ ಬದಿಯ ಮೊದಲ ಹಾಡು. ದೊಡ್ಡಮ್ಮನ ಧ್ವನಿ, ಹಿಂದೆ ಅಡಿಗೆಯವರು ಪಾತ್ರೆ ಎಳೆಯುವ ಸದ್ದು. ಎರಡನೆಯದು ‘ದೀಪವು ನಿನ್ನದೆ ಗಾಳಿಯು ನಿನ್ನದೆ’. 1992ರಲ್ಲಿ ‘ಮೈಸೂರ ಮಲ್ಲಿಗೆ’ ಚಿತ್ರ ಬಂದಾಗ ನಾವಿಬ್ಬರೂ ನೋಡಿದ ಮೊದಲ ಸಿನಿಮಾ. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ; ಐವತ್ತು ವರ್ಷದ ಹಿಂದಿನ ಪುಸ್ತಕದ ಹೆಸರಿನಲ್ಲಿ ಬಂದ ಚಿತ್ರಕ್ಕೆ ಹೊಸ ಮದುವೆಯವರು ಟಿಕೆಟ್ಟಿಗಾಗಿ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಯಜಮಾನರಿಗೆ ಕಾವ್ಯದ ಗಂಧವಿಲ್ಲ. ಮನೆಗೆ ಬಂದ ಮೇಲೆ ವಿದ್ಯುತ್ ಹೋದಾಗಲೆಲ್ಲ ಮೇಣದಬತ್ತಿ ಹಚ್ಚುತ್ತ ಆ ಒಂದು ಸಾಲನ್ನು ಹೇಳುತ್ತಿದ್ದರು, ರಾಗವಿಲ್ಲದೆ, ವಿದ್ಯುತ್ ಇಲಾಖೆಯನ್ನು ಬೈಯುವ ಧಾಟಿಯಲ್ಲಿ.

ಶಿಗ್ಗಾವಿ ಬಸ್ಸು

ದೊಡ್ಡಮ್ಮನವರ ಮಾತು ಗಟ್ಟಿಯಾಗಿದೆ. ಅವರ ಮಟ್ಟಿಗೆ ಒಪ್ಪಿದೆ. ವಿಡಿಯೊದವನ ವಿಷಯದಲ್ಲಿ ಜಗ್ಗುವುದಿಲ್ಲ.

ರೂವಿಯಿಂದ

ಮಸ್ಕತ್ತಿನಿಂದ ಬರೆಯುತ್ತಿದ್ದೇನೆ. ಊರು ಬಂಟ್ವಾಳದ ಕಡೆ. ವಿದೇಶಕ್ಕೆ ಹೊರಟವರ ಹಾಡು ಎಂದರೆ ‘ಯಾವ ಮೋಹನ ಮುರಳಿ ಕರೆಯಿತೊ’ ಎಂದೇ ಎಲ್ಲರೂ ತಿಳಿದಿದ್ದಾರೆ. ಅಡಿಗರು ತೀರಿಕೊಂಡದ್ದು 1992ರಲ್ಲಿ, ‘ಅಮೇರಿಕಾ ಅಮೇರಿಕಾ’ ಚಿತ್ರದಲ್ಲಿ ಆ ಕವಿತೆ ಬಂದದ್ದು ಆಮೇಲೆ. ಕವಿ ವೀಸಾ, ಡಾಲರು ಯಾವುದನ್ನೂ ಮನಸ್ಸಿನಲ್ಲಿಟ್ಟು ಬರೆದಿರಲಾರರು. ಆದರೂ ಕನ್ನಡ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಯಾರಾದರೊಬ್ಬರು ಎದ್ದು ಅದನ್ನು ಹಾಡುತ್ತಾರೆ, ಸಭೆಯಲ್ಲಿ ಅರ್ಧ ಜನ ಕನ್ನಡಕ ಒರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಆ ಹಾಡು ಅಂಟಲೇ ಇಲ್ಲ. ನನ್ನನ್ನು ಕರೆದದ್ದು ಮುರಳಿಯಲ್ಲ, ತಂಗಿಯ ಮದುವೆಯ ಸಾಲ.

ನಿಯಮದ ಪ್ರಕಾರ ಹೋದರೆ ನನ್ನ ಕ್ಯಾಸೆಟ್ಟಿನ ಮುಕ್ಕಾಲು ಭಾಗ ಕನ್ನಡವೇ ಇರುವುದಿಲ್ಲ. ಒಂದೇ ಕೋಣೆಯಲ್ಲಿ ಎಂಟು ಮಂದಿ ಇದ್ದೆವು, ಐದು ಮಂದಿ ಮಲಯಾಳಿಗಳು. ಶುಕ್ರವಾರ ರಜೆ. ಬಟ್ಟೆ ಒಗೆಯುವಾಗ, ಮೀನು ಹುರಿಯುವಾಗ ಯೇಸುದಾಸ್ ಅವರ ಮಲಯಾಳಂ ಹಾಡುಗಳು. ಕೆಲಸದ ಸ್ಥಳಕ್ಕೆ ಕರೆದೊಯ್ಯುತ್ತಿದ್ದ ಚಾಲಕ ಪಾಕಿಸ್ತಾನದ ಪಂಜಾಬಿನವನು, ಅವನ ಗಾಡಿಯಲ್ಲಿ ನುಸ್ರತ್ ಫತೇ ಅಲಿ ಖಾನರ ಕವ್ವಾಲಿ. ಕವ್ವಾಲಿಯೊಂದು ಇಪ್ಪತ್ತು ನಿಮಿಷ ಹೋಗುವುದೂ ಉಂಟು, ಹಾಗಾಗಿ ನಮ್ಮ ಕೆಲಸದ ಜಾಗಕ್ಕೆ ದಾರಿ ಎಷ್ಟು ಎಂದು ಕೇಳಿದರೆ ‘ಎರಡು ಕವ್ವಾಲಿ’ ಎನ್ನುತ್ತಿದ್ದೆವು. ಮಲಯಾಳಂ ಹಾಡಿನ ಒಂದೊಂದು ಪದವೂ ಈಗ ಬರುತ್ತದೆ, ಅರ್ಥ ಅರೆಬರೆ. ಊರಿಗೆ ಬಂದಾಗ ಗೊಣಗಿಕೊಂಡರೆ ಮಗಳು ‘ಅಪ್ಪಾ, ಕನ್ನಡ ಹಾಡು ಹೇಳಿ’ ಎನ್ನುತ್ತಾಳೆ. ಅವಳು ಬೇಕೆನ್ನುವ ಕನ್ನಡ ಹಾಡುಗಳು ಬಂದ ವರ್ಷಗಳಲ್ಲಿ ನಾನು ಇಲ್ಲಿದ್ದೆ.

ಲೆಕ್ಕಪತ್ರ

ರೂವಿಯವರೇ, ನನ್ನ ಕ್ಯಾಸೆಟ್ಟಿನಲ್ಲಿ ನಲವತ್ತೆಂಟು ನಿಮಿಷ ಖಾಲಿ ಇದೆ. ಎರಡು ಕವ್ವಾಲಿ ಹಾಕಿಕೊಳ್ಳಿ. ಬಾಡಿಗೆ ಕೇಳುವುದಿಲ್ಲ.

ಚಂದ್ರಗಿರಿಯಾಚೆ

ನಾನು ಕಾಸರಗೋಡಿನವಳು. ರೂವಿಯವರ ಕಷ್ಟ ನಮಗೆ ಊರು ಬಿಡದೆಯೇ ಉಂಟು. ಬಸ್ಸಿನಲ್ಲಿ ಮಲಯಾಳಂ, ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಪಾಡ್ದನ ಎಂಬ ತುಳು ಕಥನ ಹಾಡು ಹೇಳುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸಾಲಾಗಿ ಹಿಡಿದುಕೊಳ್ಳುತ್ತಿದ್ದರು, ಕಥೆ ಮುಗಿಯುವ ಹೊತ್ತಿಗೆ ಗದ್ದೆಯೂ ಮುಗಿಯುತ್ತಿತ್ತು. ಈಗ ಆ ಗದ್ದೆಯಲ್ಲಿ ಅಡಿಕೆ ತೋಟ ಇದೆ. ಅಡಿಕೆಗೆ ಪಾಡ್ದನ ಇಲ್ಲ.

ಕನ್ನಡದ ಸಭೆಗಳಲ್ಲಿ ಕಯ್ಯಾರ ಕಿಞ್ಞಣ್ಣ ರೈಯವರ ‘ಬೆಂಕಿ ಬಿದ್ದಿದೆ ಮನೆಗೆ’ ಹೇಳದೆ ಕಾರ್ಯಕ್ರಮ ಆರಂಭವಾಗುತ್ತಿರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರ ನೋವು ಅದು. ನಾವು ಹುಟ್ಟಿದ್ದು ಬಹಳ ವರ್ಷಗಳ ನಂತರ. ಮಕ್ಕಳಾಗಿ ಅದನ್ನು ಆವೇಶದಿಂದ ಹೇಳಿ ಬಹುಮಾನ ಗೆದ್ದದ್ದೂ ಉಂಟು. ಹಾಗಾಗಿ ಎ ಬದಿಯಲ್ಲಿ ಅದಿರಲೇಬೇಕು.

ಆದರೆ ಆರಿಸಬೇಕು ಎಂದರೆ ನಾನು ಆರಿಸುವುದು ಯಕ್ಷಗಾನದ ಚೆಂಡೆಯನ್ನು, ಅದೂ ದೂರದಿಂದ ಕೇಳುವ ಚೆಂಡೆ. ಆಟಕ್ಕೆ ನಮ್ಮನ್ನು ಯಾವಾಗಲೂ ಕರೆದುಕೊಂಡು ಹೋಗುತ್ತಿರಲಿಲ್ಲ. ಹೋಗದ ರಾತ್ರಿಗಳಲ್ಲಿ ಹಾಸಿಗೆಯಲ್ಲಿ ಮಲಗಿ, ಗುಡ್ಡದ ಆಚೆಯಿಂದ ಬರುವ ಪೆಟ್ಟನ್ನು ಕೇಳಿಯೇ ಈಗ ಯಾರ ಪ್ರವೇಶ ಎಂದು ಅಣ್ಣನೂ ನಾನೂ ಪಂದ್ಯ ಕಟ್ಟುತ್ತಿದ್ದೆವು. ಭಾಗವತರ ಪದ ಗಾಳಿ ಬೀಸಿದರೆ ಒಂದು ಸಾಲು ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ದೊಡ್ಡವಳಾದ ಮೇಲೆ ಮುಂದಿನ ಸಾಲಿನಲ್ಲಿ ಕೂತು ಎಷ್ಟೋ ಆಟ ನೋಡಿದ್ದೇನೆ. ಧ್ವನಿವರ್ಧಕದ ಪಕ್ಕದಲ್ಲಿ ಕೂತರೆ ಅದು ಬೇರೆಯೇ ಕಲೆ.

ಟೇಪುಮಾವನವರೇ, ದೂರದ ಸದ್ದನ್ನು ತುಂಬಿಸಲು ಬರುತ್ತದೆಯೇ?

ಟೇಪುಮಾವ

ಕಿಟಕಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟರೆ ಚೆಂಡೆಗಿಂತ ಜೀರುಂಡೆಯೇ ಹೆಚ್ಚು ಬರುತ್ತದೆ ತಾಯಿ. ಕಿವಿಗೆ ಬೇಕಾದ್ದನ್ನು ಹೆಕ್ಕಿಕೊಳ್ಳುವ ಬುದ್ಧಿ ಉಂಟು, ಆ ಸಣ್ಣ ಮೈಕಿಗೆ ಇಲ್ಲ.

ನಿಮ್ಮೆಲ್ಲರ ಪಟ್ಟಿ ನೋಡಿ ಒಂದು ಮಾತು. ಯಾರೂ ಕೊನೆಯ ಹಾಡು ಯಾವುದು ಎಂದು ಹೇಳಿಲ್ಲ. ಚೀಟಿಗಳಲ್ಲಿಯೂ ಹಾಗೆಯೇ ಇರುತ್ತಿತ್ತು. ಮೊದಲ ಹಾಡಿಗೆ ಬಹಳ ಯೋಚನೆ, ಕೊನೆಯದಕ್ಕೆ ‘ಜಾಗ ಉಳಿದರೆ ಏನಾದರೂ ಹಾಕಿ’.

ಶಿಗ್ಗಾವಿ ಬಸ್ಸು

ಕೊನೆಯ ಹಾಡನ್ನು ನಾವು ಆರಿಸುವುದು ಎಲ್ಲಿ ಬಂತು? ನಮ್ಮ ಕಡೆ ಯಾರಾದರೂ ಹೋದರೆ ರಾತ್ರಿಯಿಡೀ ಭಜನೆ. ಏಕತಾರಿ, ತಾಳ, ದಮಡಿ, ಈಚೆಗೆ ಹಾರ್ಮೋನಿಯಂ. ಮೇಳದವರು ಅಂಗಳದಲ್ಲಿ ಕೂತರೆ ಬೆಳಗಿನವರೆಗೆ ಯಾವ ಪದ ಎಂಬುದು ಅವರಿಗೆ ಬಿಟ್ಟದ್ದು. ‘ಸೋರುತಿಹುದು ಮನೆಯ ಮಾಳಿಗಿ’ ಬಂದೇ ಬರುತ್ತದೆ. ನಡುರಾತ್ರಿ ಚಹಾ ಬರುತ್ತದೆ. ಯಾರಾದರೂ ಸತ್ತವರ ಕುಚೇಷ್ಟೆಯೊಂದನ್ನು ನೆನೆಯುತ್ತಾರೆ, ನಗುತ್ತಾರೆ, ಮತ್ತೆ ಪದ ಎತ್ತುತ್ತಾರೆ. ನಮ್ಮ ಅಪ್ಪನಿಗೆ ತತ್ವಪದ ಸೇರುತ್ತಿರಲಿಲ್ಲ, ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಎಂದರೆ ಪ್ರಾಣ. ‘ಅಕ್ಕ ಕೇಳವ್ವ ನಾನೊಂದು ಕನಸ ಕಂಡೆ’ ರೇಡಿಯೊದಲ್ಲಿ ಬಂದರೆ ಧಾರವಾಡ ಕೇಂದ್ರ ಬಿಟ್ಟು ಮುಳ್ಳು ಅಲುಗಾಡಿಸಲು ಬಿಡುತ್ತಿರಲಿಲ್ಲ. ಅವರು ಹೋದ ರಾತ್ರಿ ನಾನು ಮೊಬೈಲಿನಲ್ಲಿ ಮನ್ಸೂರರನ್ನು ಹಾಕಲು ಹೊರಟೆ. ಮೇಳದ ಹಿರಿಯರು ‘ಅದನ್ನು ನಾಳೆ ಕೇಳವ್ವ, ಇವತ್ತು ನಮ್ಮದು’ ಎಂದರು. ಆಗ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ, ಆದರೆ ಅವರು ಹೇಳಿದ್ದು ಸರಿ.

ಕೆರೆದಂಡೆ

ಹಾಗಾದರೆ ನಿಯಮಕ್ಕೆ ಒಂದು ತಿದ್ದುಪಡಿ: ಬಿ ಬದಿಯ ಕೊನೆಯ ಐದು ನಿಮಿಷವನ್ನು ಊರಿನವರಿಗೆ ಬಿಡಬೇಕು.

ಲೆಕ್ಕಪತ್ರ

ನಮ್ಮ ಬಡಾವಣೆಯ ಸಂಘದವರಿಗೆ ಬಿಟ್ಟರೆ ನೀರಿನ ಟ್ಯಾಂಕರಿನ ಪ್ರಕಟಣೆ ಹಾಕುತ್ತಾರೆ.

ಮೂರನೇ ಮಹಡಿ

ಟೇಪುಮಾವ, ನಿಜವಾಗಿ ಕೇಳುತ್ತಿದ್ದೇನೆ. ಅಮ್ಮನ ಹುಟ್ಟುಹಬ್ಬ ಬರುತ್ತಿದೆ. ಅವರ ಹಳೆಯ ಟೇಪ್ ರೆಕಾರ್ಡರ್ ಅಟ್ಟದ ಮೇಲಿದೆ. ಒಂದು ಕ್ಯಾಸೆಟ್ ತುಂಬಿಸಿ ಕೊಡಲು ಈಗಲೂ ಆಗುತ್ತದೆಯೇ?

ಟೇಪುಮಾವ

ಖಾಲಿ ಕ್ಯಾಸೆಟ್ ನನ್ನ ಬಳಿ ಇವೆ, ಡೆಕ್ ಒಂದು ಓಡುತ್ತದೆ. ಮೊದಲು ಆ ಪ್ಲೇಯರನ್ನು ಪರೀಕ್ಷಿಸು. ಅದರ ಬೆಲ್ಟು ವರ್ಷಗಟ್ಟಲೆ ಸುಮ್ಮನಿದ್ದರೆ ಸಡಿಲವಾಗಿ ಹಾಡು ಜಗ್ಗುತ್ತದೆ, ಕೆಲವೊಮ್ಮೆ ಕರಗಿ ಅಂಟಂಟಾಗಿರುತ್ತದೆ. ಬದಲಿಸಲು ಬರುತ್ತದೆ, ಕಷ್ಟವೇನಲ್ಲ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸು. ಇನ್ನು ಪಟ್ಟಿ: ನೀನು ಬರೆಯಬೇಡ. ಅಮ್ಮನ ಕೈಯಿಂದಲೇ ಬರೆಸು. ಮಕ್ಕಳು ಅಮ್ಮನಿಗಾಗಿ ಬರೆಯುವ ಚೀಟಿಗಳಲ್ಲಿ ಹತ್ತಕ್ಕೆ ಒಂಬತ್ತು ಹಾಡು ಮಕ್ಕಳಿಗೇ ಇಷ್ಟವಾದವು ಇರುತ್ತವೆ.

ಮೂರನೇ ಮಹಡಿ

ಈಗಷ್ಟೇ ಫೋನ್ ಮಾಡಿ, ನಿಯಮವನ್ನೂ ವಿವರಿಸಿ ಕೇಳಿದೆ. ಲತಾ, ಜಾನಕಿ, ರಾಜನ್-ನಾಗೇಂದ್ರ ಯಾರಾದರೂ ಬರುತ್ತಾರೆ ಎಂದು ಪೆನ್ನು ಹಿಡಿದು ಕೂತಿದ್ದೆ. ಅಮ್ಮ ಕ್ಷಣವೂ ಯೋಚಿಸಲಿಲ್ಲ. ‘ಬರೆದುಕೋ, ಮೊದಲನೆಯದು ವಾಷಿಂಗ್ ಪೌಡರ್ ನಿರ್ಮಾ. ರಾಮಾಯಣ ನೋಡಲು ಪಕ್ಕದ ಮನೆಯವರ ಬಾಗಿಲಲ್ಲಿ ಕೂತಿರುತ್ತಿದ್ದೆವು, ಅದು ಬಂದಾಗ ಎಲ್ಲರೂ ಸೇರಿ ಹಾಡುತ್ತಿದ್ದೆವು’ ಎಂದರು. ಎರಡನೆಯದು ಏನು ಎಂದರೆ, ‘ಅದನ್ನೇ ಇನ್ನೊಂದು ಸಲ ತುಂಬಿಸು.’

ಲೆಕ್ಕಪತ್ರ

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ನನಗೂ ರಾಗ ಗೊತ್ತಿರುವ ಹಾಡು ಅದೊಂದೇ.